ಹದಿನಾರಾಣೆ ನಂಬಿಕೆ: ಡೆಲ್ಯೂಷನ್ ಅಳೆಯಲು ನಾನು ಮಾಡಿಕೊಂಡ ದಾರಿ

ಡೆಲ್ಯೂಷನ್ ಎಂದರೆ ಏನು ಹೇಳಿದರೂ ಅಲ್ಲಾಡದ ಕಾಯಿಲೆಯ ನಂಬಿಕೆ. ಅದನ್ನು ಅಳೆದು ಬರೆಯಲು ನಾನೊಂದು ಶೀಟು ಮಾಡಿಕೊಂಡಿದ್ದೇನೆ. ಇದು ನಡೆಯಲ್ಲ ಎಂದವರೇ ಈಗ ಅದರ ಕಾಪಿ ಕೇಳುತ್ತಿದ್ದಾರೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಬಿಡಿಸಿ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ದಾವಣಗೆರೆ ಕಡೆಯ ಒಂದು ತಾಲ್ಲೂಕು ಊರಿನಲ್ಲಿ ನನ್ನ ಮನೋರೋಗದ ಕ್ಲಿನಿಕ್ಕು. ಸಂತೆ ದಿನ ಒಬ್ಬೊಬ್ಬರಿಗೆ ಏಳೆಂಟು ನಿಮಿಷ ಸಿಕ್ಕರೆ ಪುಣ್ಯ. ಓದುವವರು ಇದೇ ಕೆಲಸದವರು ಎಂದುಕೊಂಡು ಬರೆಯುತ್ತಿದ್ದೇನೆ. ಹಿಸ್ಟರಿ ತೆಗೆಯುವುದು ಹೇಗೆ, ಎಂಎಸ್‌ಇ ಎನ್ನುವ ಮನಸ್ಸಿನ ಸ್ಥಿತಿಯ ಪರೀಕ್ಷೆ ಮಾಡುವುದು ಹೇಗೆ ಎಂದು ಹೇಳಲು ಹೋಗುವುದಿಲ್ಲ. ರೋಗಿಗಳ ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ.

ಮೊದಲು ನನ್ನ ತಲೆ ಕೆಡಿಸಿದ್ದು ಹಳೇ ಫೈಲುಗಳು. ಬೇರೆ ಬೇರೆ ಕಡೆಯಿಂದ ಬರುವ ಫೈಲುಗಳಲ್ಲಿ ಒಂದೇ ಸಾಲು ಇರುತ್ತಿತ್ತು: 'ಪರ್ಸಿಕ್ಯೂಟರಿ ಡೆಲ್ಯೂಷನ್ ಪ್ಲಸ್.' ಯಾರೋ ತನಗೆ ಕೇಡು ಮಾಡುತ್ತಿದ್ದಾರೆ ಎನ್ನುವ ನಂಬಿಕೆ ಇದೆ, ಅಷ್ಟೇ. ಯಾರ ಮೇಲೆ ಅನುಮಾನ? ಹೇಗೆ ಶುರುವಾಯಿತು? ಎಷ್ಟು ಗಟ್ಟಿ? ಒಂದೂ ಇಲ್ಲ. ಹಾಗಾಗಿ ಒಬ್ಬನೇ ರೋಗಿಗೆ ಒಂದು ಕಡೆ ಸ್ಕಿಜೋಫ್ರೇನಿಯಾ, ಇನ್ನೊಂದು ಕಡೆ ಡೆಲ್ಯೂಷನಲ್ ಡಿಸಾರ್ಡರ್ (ಡೆಲ್ಯೂಷನ್ನೇ ಮುಖ್ಯವಾದ ಕಾಯಿಲೆ), ಮತ್ತೊಂದು ಕಡೆ 'ಊರಿನ ಮೂಢನಂಬಿಕೆ, ಮಾತ್ರೆ ಬೇಡ' ಎಂದು ಬರೆದಿರುತ್ತಿತ್ತು. ಮೂವರು ಡಾಕ್ಟರಿಗೂ ಓದು ಕಡಿಮೆ ಇರಲಿಲ್ಲ. ರೋಗಿ ಏನು ನಂಬಿದ್ದಾನೆ ಎನ್ನುವುದನ್ನು ಮಾತ್ರ ಬರೆದುಕೊಂಡಿದ್ದರು. ಹೇಗೆ ನಂಬಿದ್ದಾನೆ ಎನ್ನುವುದನ್ನು ಯಾರೂ ಬರೆದಿರಲಿಲ್ಲ. ನಾನು ಹೇಳಬೇಕಾದ್ದು ಇದೊಂದೇ. ಡೆಲ್ಯೂಷನ್ ಇರುವುದು ನಂಬಿಕೆಯ ವಿಷಯದಲ್ಲಿ ಅಲ್ಲ, ಅದನ್ನು ಹಿಡಿದುಕೊಂಡಿರುವ ರೀತಿಯಲ್ಲಿ.

ಹೊಸ ಮಾತೇನಲ್ಲ ಇದು. ಜರ್ಮನಿಯ ಮನೋವೈದ್ಯ ಕಾರ್ಲ್ ಯಾಸ್ಪರ್ಸ್ 1913ರಲ್ಲೇ ಮೂರು ಗುರುತು ಕೊಟ್ಟಿದ್ದರು: ಅಲ್ಲಾಡದ ಖಾತ್ರಿ, ಅನುಭವಕ್ಕೂ ವಾದಕ್ಕೂ ಬಗ್ಗದಿರುವುದು, ಆಗಲು ಸಾಧ್ಯವೇ ಇಲ್ಲದ ವಿಷಯ. ಎರಡು ಗುರುತು ರೀತಿಯದ್ದು, ಒಂದು ಮಾತ್ರ ವಿಷಯದ್ದು. ನಾವು ಓಪಿಡಿಯಲ್ಲಿ ಮೂರನೆಯದನ್ನೇ ಹಿಡಿದುಕೊಂಡು ಜಗ್ಗುತ್ತೇವೆ. ಅಮೆರಿಕದ ಮನೋವೈದ್ಯರ ರೋಗಪಟ್ಟಿಯಾದ ಡಿಎಸ್‌ಎಂನ 1994ರ ನಾಲ್ಕನೇ ಆವೃತ್ತಿ, ಡಿಎಸ್‌ಎಂ-4, 'ಸುಳ್ಳು ನಂಬಿಕೆ' ಎಂದೇ ವ್ಯಾಖ್ಯೆ ಶುರು ಮಾಡಿತು. 2013ರ ಡಿಎಸ್‌ಎಂ-5 ತನ್ನ ಅಧ್ಯಾಯದಲ್ಲಿ 'ವಿರುದ್ಧ ಸಾಕ್ಷಿ ಕೊಟ್ಟರೂ ಬದಲಾಗದ ಗಟ್ಟಿ ನಂಬಿಕೆ' ಎಂದು ತಿದ್ದಿಕೊಂಡಿತು. ಅದೇ ಪುಸ್ತಕದ ಕೊನೆಯ ಪದಕೋಶದಲ್ಲಿ ಮಾತ್ರ ಹಳೇ 'ಸುಳ್ಳು' ಹಾಗೇ ಉಳಿದಿದೆ. ಪರೀಕ್ಷೆಗೆ ಓದುವ ಹುಡುಗರು ಎರಡನ್ನೂ ಕಲಸಿಕೊಂಡು ಬರೆಯುತ್ತಾರೆ, ಪಾಪ.

ನಮ್ಮ ಕಡೆ ಆ 'ಸುಳ್ಳು' ಎನ್ನುವುದು ಕೈ ಕೊಡುವುದು ಮದ್ದಿನ ವಿಷಯದಲ್ಲಿ. ಊಟದಲ್ಲಿ ಯಾರೋ ಮದ್ದು ಹಾಕಿದ್ದಾರೆ, ಅದು ಹೊಟ್ಟೆಯಲ್ಲಿ ಕೂತಿದೆ ಎಂದು ಹೇಳಿಕೊಂಡು ಬರುವವರು ಎಷ್ಟು ಜನ, ನಿಮಗೂ ಗೊತ್ತು. ಮನೆಯವರೂ ಅದನ್ನೇ ಹೇಳುತ್ತಾರೆ. ಪಕ್ಕದ ಮನೆಯವರೂ ಹೌದು ಎನ್ನುತ್ತಾರೆ. ಮದ್ದು ತೆಗೆಯುವವರ ಹತ್ತಿರ ಹೋಗಿ ವಾಂತಿ ಮಾಡಿಸಿಕೊಂಡು ಬಂದಿರುತ್ತಾರೆ. 'ಆತನ ಸಮಾಜದವರು ಒಪ್ಪುವ ನಂಬಿಕೆಯಾದರೆ ಡೆಲ್ಯೂಷನ್ ಅಲ್ಲ' ಎಂದು ಪುಸ್ತಕ ಹೇಳುತ್ತದೆ. ಹಾಗಾದರೆ ಮದ್ದು ಎಂದವರನ್ನೆಲ್ಲ ಮನೆಗೆ ಕಳಿಸಬೇಕೇ? ಅವರಲ್ಲಿ ನಿಜವಾಗಿ ಕಾಯಿಲೆ ಇರುವವರನ್ನು ಹೇಗೆ ಆರಿಸುವುದು?

ಮೊದಲ ಪ್ರಯತ್ನ, ನಂಬಿಕೆ ಎಷ್ಟು ಗಟ್ಟಿ ಎಂದು ಅಳೆಯುವ ಬ್ರೌನ್ ಅಳತೆಪಟ್ಟಿಯ ಕನ್ನಡ ಅನುವಾದ. 1998ರದ್ದು, ಏಳು ಪ್ರಶ್ನೆ. ನಾನೇ ಅನುವಾದಿಸಿ, ಪ್ರೆಸ್ಸಿನಲ್ಲಿ ಸಾವಿರ ಕಾಪಿ ಹಾಕಿಸಿದೆ. ಎರಡೂವರೆ ಸಾವಿರ ರೂಪಾಯಿ ಆಗಿರಬೇಕು. 'ಬೇರೆಯವರು ಇದನ್ನು ಯಾಕೆ ಒಪ್ಪುತ್ತಿಲ್ಲ ಅನ್ನಿಸುತ್ತೆ?' ಎಂದು ಕೇಳಿದರೆ ರೋಗಿ ಪಕ್ಕದಲ್ಲಿ ಕೂತ ಅಣ್ಣನ ಮುಖ ನೋಡುತ್ತಿದ್ದ. ಒಬ್ಬ ರೋಗಿಯ ಜೊತೆ ನಾಲ್ಕು ಜನ ಬರುವ ಊರು ನಮ್ಮದು. ಆ ಪ್ರಶ್ನೆಗೆ ಉತ್ತರ ಅವರೇ ಕೊಡುತ್ತಿದ್ದರು. ಪಟ್ಟಿ ಕೆಟ್ಟದ್ದಲ್ಲ, ಓಸಿಡಿಯವರಿಗೆ, ಅಂದರೆ ಬೇಡವೆಂದರೂ ಅದೇ ಯೋಚನೆ ಮರಳಿ ಬರುವ ಕಾಯಿಲೆಯವರಿಗೆ, ಈಗಲೂ ಬಳಸುತ್ತೇನೆ. ಸೈಕೋಸಿಸ್ (ವಾಸ್ತವದ ಹಿಡಿತ ತಪ್ಪುವ ಕಾಯಿಲೆ) ಓಪಿಡಿಗೆ ಆಗಲಿಲ್ಲ. ಮುಕ್ಕಾಲು ಪಾಲು ಕಾಗದದ ಹಿಂಬದಿ ರಸೀದಿ ಬರೆಯಲು ಹೋಯಿತು.

ಆಮೇಲೆ ಪರ್ಸೆಂಟು. 'ನೂರಕ್ಕೆ ಎಷ್ಟು ನಿಜ?' ಎಂದರೆ ಎಲ್ಲರೂ 'ನೂರಕ್ಕೆ ನೂರು ಸಾರ್' ಎನ್ನುವವರೇ. ಕಾಗದದ ಮೇಲೆ ಗೆರೆ ಎಳೆದು ಗುರುತು ಹಾಕಿ ಎಂದೆ. ಪೆನ್ನು ಹಿಡಿದು ಅಭ್ಯಾಸ ಇಲ್ಲದವರು ಮರ್ಯಾದೆಗೆ ನಡುವಿನಲ್ಲಿ ಒಂದು ಚುಕ್ಕೆ ಇಟ್ಟು ಕೊಡುತ್ತಿದ್ದರು. ಎಲ್ಲಕ್ಕಿಂತ ಜಾಸ್ತಿ ದುಡ್ಡು ತಿಂದದ್ದು ಟ್ಯಾಬು. ಪರಿಚಯದ ಹುಡುಗನೊಬ್ಬ ಆ್ಯಪ್ ಮಾಡಿಕೊಟ್ಟ. ಎರಡೂ ಸೇರಿ ಹದಿನೆಂಟು ಸಾವಿರದ ಹತ್ತಿರ. ಅನುಮಾನದ ಕಾಯಿಲೆಯವರ ಮುಂದೆ ಸ್ಕ್ರೀನ್ ಇಟ್ಟರೆ ಏನಾಗುತ್ತದೆ ಹೇಳಿ. 'ಇದರಲ್ಲಿ ರೆಕಾರ್ಡ್ ಆಗ್ತಿದೆಯಾ ಸಾರ್?' ಎಂದು ಕೇಳಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಒಂದು ತಿಂಗಳಿಗೆ ಅದು ಮೂಲೆ ಸೇರಿತು.

ದಾರಿ ತೋರಿಸಿದ್ದು ನಮ್ಮ ಅಟೆಂಡರ್. ಯಾವುದೋ ರೋಗಿಯ ವಿಷಯ ಬಂದಾಗ ಅವರು, 'ಅವನು ಹೇಳೋದು ಹದಿನಾರಾಣೆ ಸುಳ್ಳಲ್ಲ ಸಾರ್, ಒಂದು ನಾಲ್ಕಾಣೆ ನಿಜ ಇದೆ' ಎಂದರು. ಅಳತೆ ಜನರ ಬಾಯಲ್ಲೇ ಇತ್ತು! 1957ರಲ್ಲಿ ಆಣೆ ಹೋಗಿ ಪೈಸೆ ಬಂತು. ಆದರೂ 25 ಪೈಸೆಯನ್ನು ನಾಲ್ಕಾಣೆ, 50 ಪೈಸೆಯನ್ನು ಎಂಟಾಣೆ ಎನ್ನುವುದು ನಿಲ್ಲಲಿಲ್ಲ. 25 ಪೈಸೆ ಚಲಾವಣೆಯಿಂದ ಹೋಗಿದ್ದು 2011ರಲ್ಲಿ. ಹಾಗಾಗಿ ಮೂವತ್ತು ದಾಟಿದವರಿಗೆಲ್ಲ ಅದು ಕೈಯಲ್ಲಿ ಹಿಡಿದ ನಾಣ್ಯ.

ಹಳೇ ನಾಣ್ಯ ಮಾರುವವನ ಹತ್ತಿರ ಘೇಂಡಾಮೃಗದ ಚಿತ್ರದ ನಾಲ್ಕಾಣೆ ಕೊಂಡೆ. ಒಂದಕ್ಕೆ ಹತ್ತು ರೂಪಾಯಿಯ ಮೇಲೇ ಕೊಟ್ಟಿದ್ದೇನೆ. ಟೇಬಲ್ ಮೇಲೆ ನಾಲ್ಕನ್ನು ಸಾಲಾಗಿ ಇಡುತ್ತೇನೆ. 'ಇದು ಒಂದು ರೂಪಾಯಿ. ನೀವು ಹೇಳಿದ್ದು ಎಷ್ಟು ಖಾತ್ರಿಯೋ ಅಷ್ಟು ನನ್ನ ಕಡೆ ತಳ್ಳಿ. ಅನುಮಾನ ಎಷ್ಟಿದೆಯೋ ಅಷ್ಟು ನಿಮ್ಮ ಹತ್ತಿರ ಇಟ್ಕೊಳ್ಳಿ.' ಇಷ್ಟೇ ಮಾತು. ಬೆರಳು ನಾಣ್ಯದ ಮೇಲೆ ನಿಲ್ಲುವುದನ್ನು, ಮುಂದೆ ತಳ್ಳಿ ಮತ್ತೆ ಹಿಂದೆ ಎಳೆದುಕೊಳ್ಳುವುದನ್ನು ನೋಡಬೇಕು. ಬಾಯಲ್ಲಿ ನೂರಕ್ಕೆ ನೂರು ಎಂದವರ ಕೈ ಎರಡೇ ನಾಣ್ಯ ತಳ್ಳುತ್ತದೆ. ಬರೆಯಬೇಕಾದ್ದು ಕೈ ಹೇಳಿದ್ದನ್ನು.

ಜಿಲ್ಲೆಯ ಒಂದು ಸಭೆಯಲ್ಲಿ ಇದನ್ನು ತೋರಿಸಿದಾಗ ಹಿರಿಯರೊಬ್ಬರು, 'ಆಣೆ ಲೆಕ್ಕದಲ್ಲಿ ಸೈಕಿಯಾಟ್ರಿ ಮಾಡ್ತೀರಾ? ಕಾಯಿಲೆಯ ಕೋಡ್ ಹಾಕಿ ಮುಂದೆ ಹೋಗಿ ಡಾಕ್ಟ್ರೆ' ಎಂದರು. ಇನ್ನೊಬ್ಬರು ವ್ಯಾಲಿಡಿಟಿ ಎಲ್ಲಿದೆ, ಅಳೆಯಬೇಕಾದ್ದನ್ನೇ ಇದು ಅಳೆಯುತ್ತದೆ ಎನ್ನುವುದಕ್ಕೆ ಆಧಾರ ಏನು ಎಂದು ಕೇಳಿದರು. ಆ ಪ್ರಶ್ನೆ ಸರಿಯಾದದ್ದೇ. ಉತ್ತರ ಸಿಗಲು ಎರಡು ಮೂರು ವರ್ಷ ಹಿಡಿಯಿತು.

ಏಕೆಂದರೆ ಬರೀ ಆಣೆ ಸಾಲದು. ಶುರುವಿನ ಕೆಲವು ತಿಂಗಳು ಬರೀ ನಾಣ್ಯ ಇಟ್ಟುಕೊಂಡು ನಡೆಸಿದೆ. ನಮ್ಮ ಪಕ್ಕದ ಹಳ್ಳಿಯಲ್ಲಿ ದೇವರು ಮೈಮೇಲೆ ಬರುವ ಅಜ್ಜಿಯೊಬ್ಬರಿದ್ದಾರೆ. ಮಂಡಿ ನೋವಿಗೆ ಮಗನ ಜೊತೆ ಬಂದಿದ್ದರು. ಸುಮ್ನೆ ಕುತೂಹಲಕ್ಕೆ ಅವರ ಮುಂದೆ ನಾಣ್ಯ ಇಟ್ಟೆ. ನಾಲ್ಕನ್ನೂ ಒಂದೇ ಸಲ ತಳ್ಳಿದರು. ಆಣೆ ಲೆಕ್ಕದಲ್ಲಿ ಅಜ್ಜಿಗೂ ಕಾಯಿಲೆ ಎನ್ನಬೇಕಾಗುತ್ತಿತ್ತು! ಅವರೋ ಎಮ್ಮೆ ಕಟ್ಟಿ, ಹಾಲು ಹಾಕಿ, ಮೊಮ್ಮಕ್ಕಳನ್ನು ಸಾಕಿಕೊಂಡು ಆರಾಮಾಗಿದ್ದಾರೆ. ಊರಿಗೆ ಊರೇ ಅವರ ನಂಬಿಕೆಯಲ್ಲಿ ಪಾಲುದಾರ.

1983ರಲ್ಲಿ ಅಮೆರಿಕದ ಮನೋವೈದ್ಯ ಕೆಂಡ್ಲರ್ ಮತ್ತು ಜೊತೆಯವರು ಡೆಲ್ಯೂಷನ್ನಿಗೆ ಐದು ಅಳತೆ ಹೇಳಿದ್ದರಲ್ಲ, ಖಾತ್ರಿ ಅದರಲ್ಲಿ ಒಂದು ಮಾತ್ರ. ಬದುಕಿನ ಎಷ್ಟು ಭಾಗಕ್ಕೆ ಹಬ್ಬಿದೆ, ಎಷ್ಟು ವಿಚಿತ್ರ, ಎಷ್ಟು ಚೆಲ್ಲಾಪಿಲ್ಲಿ, ತಲೆಯನ್ನು ಎಷ್ಟು ಒತ್ತುತ್ತಿದೆ, ಇವು ಉಳಿದ ನಾಲ್ಕು. ಅದನ್ನೇ ನಮ್ಮ ಓಪಿಡಿಗೆ ಒಗ್ಗಿಸಿಕೊಂಡು ಶೀಟು ಮಾಡಿದೆ. ಮೇಲೆ ರೋಗಿಯ ಒಂದು ವಾಕ್ಯ, ಅವನ ಮಾತಿನಲ್ಲೇ, ತಿದ್ದದೆ. ಅದರ ಕೆಳಗೆ ಆಣೆ. ಪಕ್ಕದಲ್ಲಿ ಮನೆಯವರ ಆಣೆ, ರೋಗಿಯನ್ನು ಹೊರಗೆ ಕೂರಿಸಿ ಕೇಳಿದ್ದು. ಆಮೇಲೆ 'ಮೊದಲು ಗೊತ್ತಾಗಿದ್ದು ಹೇಗೆ?' ಎನ್ನುವುದಕ್ಕೆ ದೊಡ್ಡ ಜಾಗ. ದಿನದಲ್ಲಿ ಎಷ್ಟು ಹೊತ್ತು ಅದೇ ಯೋಚನೆ, ಅದಕ್ಕೋಸ್ಕರ ಏನೇನು ಮಾಡಿದಿರಿ ಎನ್ನುವುದು ಕೊನೆಗೆ. ಯಾವ ಜಾತಿಯ ಡೆಲ್ಯೂಷನ್ ಎಂದು ಟಿಕ್ ಹಾಕುವ ಸಾಲನ್ನು ಬೇಕೆಂದೇ ತೆಗೆದೆ. ಅದು ಮುಂಭಾಗದಲ್ಲಿ ಇದ್ದರೆ ಜೂನಿಯರ್‌ಗಳು ಮೊದಲು ಅದನ್ನೇ ತುಂಬಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ ಬರೆಯುತ್ತಾರೆ.

ಮದ್ದಿನ ಗಂಟು ಬಿಚ್ಚಿದ್ದು ಆ ದೊಡ್ಡ ಜಾಗದಿಂದ. ಒಂದೇ ವಾರದಲ್ಲಿ ಬಂದ ಇಬ್ಬರನ್ನು ನೋಡಿ. ಒಬ್ಬರು ನಲವತ್ತು ದಾಟಿದ ರೈತ. ಷಡ್ಡಕನ ಮನೆಯಲ್ಲಿ ಊಟ ಮಾಡಿದ ಮೇಲೆ ಹೊಟ್ಟೆ ಉರಿ ಶುರು, ಮದ್ದು ಹಾಕಿದ್ದಾರೆ ಎಂದರು. ಎರಡು ನಾಣ್ಯ ತಳ್ಳಿದರು. ಹೆಂಡತಿಯೂ ಎರಡು. 'ಎಲ್ಲರೂ ಹಂಗೇ ಅಂತಾರೆ, ಇರಬಹುದು' ಎನ್ನುವ ದನಿ. ಎಂಡೋಸ್ಕೋಪಿಯಲ್ಲಿ ಹುಣ್ಣು ಸಿಕ್ಕಿತು. ಅದಕ್ಕೆ ಮಾತ್ರೆ ಕೊಟ್ಟರು, ಉರಿ ಹೋಯಿತು, ಮದ್ದಿನ ಮಾತೂ ಹೋಯಿತು.

ಇನ್ನೊಬ್ಬರು ಮೂವತ್ತರ ಹತ್ತಿರದ ಹೆಂಗಸು. ಅವರದ್ದೂ ಅದೇ ವಾಕ್ಯ, ಮದ್ದು ಹಾಕಿದ್ದಾರೆ. ಮದ್ದು ತೆಗೆಸಲು ಅಷ್ಟೊತ್ತಿಗೆ ಇಪ್ಪತ್ತು ಸಾವಿರದಷ್ಟು ಕಳೆದುಕೊಂಡಿದ್ದರು. ಅತ್ತೆ ಎರಡು ನಾಣ್ಯ, ಗಂಡ ಒಂದು. ಈಕೆ ನಾಲ್ಕು, ತಡೆಯಿಲ್ಲದೆ. ಗೊತ್ತಾಗಿದ್ದು ಹೇಗಮ್ಮ ಎಂದೆ. ಹೊಟ್ಟೆ, ಊಟ, ಉರಿ ಯಾವುದರ ಮಾತೂ ಬರಲಿಲ್ಲ. 'ಬಸ್ ಸ್ಟ್ಯಾಂಡಲ್ಲಿ ಹಳದಿ ಸೀರೆ ಉಟ್ಕೊಂಡೋಳು ಒಬ್ಬಳು ಸೆರಗು ಸರಿ ಮಾಡ್ಕೊಂಡಳು ಸಾರ್. ಆಗ ಗೊತ್ತಾಯ್ತು, ನಂಗೆ ಮದ್ದು ಹಾಕಿದ್ದು ಈ ಊರಿಗೆಲ್ಲ ಗೊತ್ತು ಅಂತ.' ಸೆರಗು ಸರಿ ಮಾಡಿಕೊಂಡಿದ್ದು ನಿಜ. ಕಂಡದ್ದರಲ್ಲಿ ತಪ್ಪಿಲ್ಲ. ಅದರಿಂದ ಈ ಅರ್ಥಕ್ಕೆ ಹಾರಿದ್ದಕ್ಕೆ ಮಾತ್ರ ಯಾವ ದಾರಿಯೂ ಇಲ್ಲ. ಜರ್ಮನಿಯ ಮನೋವೈದ್ಯ ಕುರ್ಟ್ ಷ್ನೈಡರ್ ಸ್ಕಿಜೋಫ್ರೇನಿಯಾದ ಮೊದಲ ಸಾಲಿನ ಲಕ್ಷಣಗಳಲ್ಲಿ ಸೇರಿಸಿದ ಡೆಲ್ಯೂಷನಲ್ ಪರ್ಸೆಪ್ಷನ್ ಇದೇ, ಶೀಟಿನ ಮೇಲೆ ಹಾಗೇ ಬಂದು ಕೂತಿತು. ಮುಂದೆ ಕೇಳಿದಾಗ ತನ್ನ ಯೋಚನೆ ಹೊರಗಿನವರಿಗೆ ಕೇಳಿಸುತ್ತದೆ ಎನ್ನುವುದೂ ಬಂತು. ಸ್ಕಿಜೋಫ್ರೇನಿಯಾ ಎಂದು ಚಿಕಿತ್ಸೆ ಶುರು ಮಾಡಿದೆವು. ಮದ್ದು ಎನ್ನುವ ವಿಷಯ ಇಬ್ಬರಿಗೂ ಊರು ಕೊಟ್ಟದ್ದು. ಹಿಡಿದ ರೀತಿ ಮಾತ್ರ ಬೇರೆ ಬೇರೆ. ವಿಷಯ ನೋಡಿ ತೀರ್ಮಾನಿಸಿದ್ದರೆ ಇಬ್ಬರನ್ನೂ ಮನೆಗೆ ಕಳಿಸಬೇಕಿತ್ತು, ಇಲ್ಲ ಇಬ್ಬರಿಗೂ ಸೈಕೋಸಿಸ್ ಮಾತ್ರೆ ರಿಸ್ಪೆರಿಡೋನ್ ಬರೆಯಬೇಕಿತ್ತು.

'ಗೊತ್ತಾಗಿದ್ದು ಹೇಗೆ' ಎನ್ನುವುದನ್ನು ಕೇಳುವುದಕ್ಕೆ ಒಂದು ಕ್ರಮ ಇದೆ. ಯಾವ ಪ್ರಶ್ನೆ ಮೊದಲು, ಎಲ್ಲಿ ಸುಮ್ಮನೆ ಇರಬೇಕು ಎನ್ನುವುದು. ಅದನ್ನು ಇಲ್ಲಿ ಬರೆಯುವುದಿಲ್ಲ. ರೋಗಿಗಳೂ ಅವರ ಮನೆಯವರೂ ಓದುತ್ತಾರೆ, ಮೊದಲೇ ಗೊತ್ತಿದ್ದರೆ ಪ್ರಶ್ನೆ ಸತ್ತುಹೋಗುತ್ತದೆ. ಬಂದು ಪಕ್ಕದಲ್ಲಿ ಕೂತರೆ ತೋರಿಸುತ್ತೇನೆ.

ಮರೆಯಲಾಗದ ಇನ್ನೊಬ್ಬರು ಅಡಿಕೆ ತೋಟದ ಯಜಮಾನರು. ಅರವತ್ತೈದು ದಾಟಿದವರು. ಹೆಂಡತಿಯ ಮೇಲೆ ಅನುಮಾನ. ಹಾಸಿಗೆಯ ಮೇಲಿನ ಚಾದರದ ಮಡಿಕೆ ಎಣಿಸುತ್ತಿದ್ದರು. ನಾಣ್ಯ ಇಟ್ಟೆ. ನಾಲ್ಕನ್ನೂ ತಳ್ಳಿದರು. ಆಮೇಲೆ ಅಂಗಿ ಜೇಬಿಗೆ ಕೈ ಹಾಕಿ, ಐದು ರೂಪಾಯಿಯ ನಾಣ್ಯ ತೆಗೆದು ಅವುಗಳ ಮೇಲೆ ಇಟ್ಟರು. 'ಹದಿನಾರಾಣೆ ಸಾಲಲ್ಲ ಡಾಕ್ಟ್ರೆ' ಎಂದರು. ಶೀಟಿನಲ್ಲಿ '16+' ಎಂದು ಬರೆಯುವುದು ಅವತ್ತಿನಿಂದ ಶುರು. ಡೆಲ್ಯೂಷನಲ್ ಡಿಸಾರ್ಡರ್, ಜೆಲಸ್ ಟೈಪ್ ಎಂದು ಬರೆದು ಮುಗಿಸುವುದು ಸುಲಭವಿತ್ತು. ಆದರೆ 'ಮೊದಲು ಯಾವಾಗ' ಎನ್ನುವುದನ್ನು ಮಗಳಿಂದ ಕೇಳಿ ಬರೆದದ್ದು ಉಳಿಸಿತು. ಕೈ ನಡುಕಕ್ಕೆ ಪ್ರಾಮಿಪೆಕ್ಸೋಲ್ ಶುರು ಮಾಡಿದ ನಾಲ್ಕೈದು ತಿಂಗಳಿಗೆ ಅನುಮಾನ ಹುಟ್ಟಿತ್ತು. ಪಾರ್ಕಿನ್ಸನ್‌ಗೆ ಕೊಡುವ ಆ ಜಾತಿಯ ಮಾತ್ರೆ ಕೆಲವರಲ್ಲಿ ಇಂಥ ಅನುಮಾನ ತರುತ್ತದೆ. ನ್ಯೂರಾಲಜಿಸ್ಟ್ ಜೊತೆ ಮಾತಾಡಿ ಅದನ್ನು ನಿಧಾನವಾಗಿ ನಿಲ್ಲಿಸಿ, ಪಾರ್ಕಿನ್ಸನ್‌ನ ಇನ್ನೊಂದು ಮಾತ್ರೆ ಲೆವೊಡೋಪಾ ಒಂದರ ಮೇಲೆ ಇಟ್ಟರು. ಕೆಲವು ವಾರ ಬಿಟ್ಟು ಮೂರು ನಾಣ್ಯ, ಮುಂದಿನ ಸಲ ಒಂದು. ಕೊನೆಗೆ ನಾಲ್ಕನ್ನೂ ತಮ್ಮ ಕಡೆಗೇ ಎಳೆದುಕೊಂಡರು. ತಡವಾಗಿ ಹುಟ್ಟಿದ ಅನುಮಾನ ಎಂದರೆ ಮಾತ್ರೆಗಳ ಚೀಟಿ, ಕುಡಿತ, ಮರೆವು ಮೂರನ್ನೂ ನೋಡದೆ ಟೈಪ್ ಬರೆಯಬೇಡಿ.

ನಂಬಿಕೆ ನಿಜವೋ ಸುಳ್ಳೋ ಎನ್ನುವುದನ್ನು ನಾನು ಬಿಟ್ಟೇಬಿಟ್ಟಿಲ್ಲ. ಪರಿಶೀಲನೆಗೆ ಒಂದು ಸಾಲು ಇದೆ. ಅಣ್ಣಂದಿರು ಜಮೀನು ಬರೆಸಿಕೊಂಡಿದ್ದಾರೆ ಎಂದ ಒಬ್ಬ ಯುವಕನನ್ನು ಅಣ್ಣಂದಿರೇ ಕರೆತಂದಿದ್ದರು. ಮೂರು ನಾಣ್ಯ ತಳ್ಳಿದ, ಒಂದನ್ನು ಇಟ್ಟುಕೊಂಡ. ಪಹಣಿ ಈಗ ಫೋನಿನಲ್ಲೇ ನೋಡಬಹುದಲ್ಲ, ಸರ್ವೆ ನಂಬರ್ ಕೇಳಿ ಅಲ್ಲೇ ತೆಗೆದೆ. ಅವನ ಹೆಸರು ಇರಲಿಲ್ಲ. ಅವತ್ತು ಅವನಿಗೆ ಬೇಕಿದ್ದದ್ದು ವಕೀಲರು. ಅಮೆರಿಕದಲ್ಲಿ ಅಧ್ಯಕ್ಷ ನಿಕ್ಸನ್ ಕಾಲದ ಅಟಾರ್ನಿ ಜನರಲ್ ಜಾನ್ ಮಿಚೆಲ್ ಅವರ ಹೆಂಡತಿ ಮಾರ್ಥಾ, ಸರ್ಕಾರದೊಳಗೆ ಅಕ್ರಮ ನಡೀತಿದೆ ಎಂದಾಗ ಅವರ ತಲೆ ಸರಿಯಿಲ್ಲ ಎಂದಿದ್ದರು. ನಿಕ್ಸನ್ ಸರ್ಕಾರದ ವಾಟರ್‌ಗೇಟ್ ಹಗರಣ ಹೊರಬಂದ ಮೇಲೆ ಅವರ ಮಾತು ನಿಜವೆಂದು ಗೊತ್ತಾಯಿತು. ಹೀಗೆ ನಿಜ ಹೇಳಿದವರಿಗೆ ಕಾಯಿಲೆಯ ಹೆಸರು ಅಂಟಿಸುವುದಕ್ಕೆ ಮಾರ್ಥಾ ಮಿಚೆಲ್ ಎಫೆಕ್ಟ್ ಎನ್ನುತ್ತಾರೆ. ಇದರ ಇನ್ನೊಂದು ಮಗ್ಗುಲೂ ಇದೆ. ಹೆಂಡತಿಗೆ ನಿಜವಾಗಿ ಬೇರೆ ಸಂಬಂಧ ಇದ್ದರೂ, ಚಾದರದ ಮಡಿಕೆಯಿಂದ ಅದು ಗೊತ್ತಾಯಿತು ಎನ್ನುವವನಿಗೆ ಕಾಯಿಲೆ ಇರಬಹುದು. ಆ ಸಾಲು ಅದಕ್ಕೇ ಒಂಟಿಯಾಗಿ ತೀರ್ಮಾನ ಮಾಡುವುದಿಲ್ಲ.

ದುಡ್ಡಿನ ಲೆಕ್ಕ ಹೇಳಬೇಕು. ಶೀಟು ತುಂಬಲು ಶುರುವಿನಲ್ಲಿ ಇಪ್ಪತ್ತೈದು ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ಮೂರು ಜನ ಬೇರೆ ಡಾಕ್ಟರ ಹತ್ತಿರ ಎದ್ದು ಹೋಗುತ್ತಿದ್ದರು. ಮೊದಲ ವರ್ಷ ತಿಂಗಳಿಗೆ ಎಂಟು ಹತ್ತು ಸಾವಿರ ಕೈಬಿಟ್ಟಿದೆ ಎಂದು ನನ್ನ ಅಂದಾಜು. ಸೋಷಿಯಲ್ ವರ್ಕ್ ಓದಿದ ಹುಡುಗಿಯೊಬ್ಬಳನ್ನು ಅರ್ಧ ದಿನದ ಕೆಲಸಕ್ಕೆ ಇಟ್ಟುಕೊಂಡೆ. ಮನೆಯವರ ಆಣೆ ಕೇಳುವುದು ಆಕೆಯ ಕೆಲಸ. ಅದಾದ ಮೇಲೆ ನನ್ನ ಭಾಗ ಹತ್ತು ನಿಮಿಷಕ್ಕೆ ಇಳಿಯಿತು. ಈಗ ಹಳಬರ ಫಾಲೋಅಪ್ ಎರಡು ನಿಮಿಷ. ನಾಣ್ಯ ತಳ್ಳುತ್ತಾರೆ, ಅಂಕಿ ಬರೆಯುತ್ತೇನೆ. ನಾಣ್ಯ ಕಳೆದುಹೋಗುವ ಖರ್ಚು ಬೇರೆ. ಮಕ್ಕಳು ಬಾಯಿಗೆ ಹಾಕುತ್ತಾರೆ, ಕೆಲವರು ಹಳೇ ನಾಣ್ಯ ಎಂದು ಆಸೆಪಟ್ಟು ಜೇಬಿಗೆ ಹಾಕಿಕೊಳ್ಳುತ್ತಾರೆ. ನಾನು ಕೇಳುವುದಿಲ್ಲ.

ಫಲ ಏನು ಎಂದರೆ, ಮೊದಲನೆಯದು ಇಬ್ಬರು ಡಾಕ್ಟರ ತೀರ್ಮಾನ ತಾಳೆಯಾಗುವುದು. ರೋಗಿಯನ್ನು ನೋಡದ ಗೆಳೆಯರೊಬ್ಬರಿಗೆ ಬರೀ ಶೀಟು ಕೊಟ್ಟು ಯಾವ ಗುಂಪು ಎಂದು ಕೇಳುತ್ತಾ ಬಂದೆ. ಹಳೇ ಫೈಲಿನಲ್ಲಿ ನಮ್ಮಿಬ್ಬರಿಗೆ ಅರ್ಧಕ್ಕರ್ಧ ತಾಳೆಯಾಗುತ್ತಿರಲಿಲ್ಲ. ಈಗ ಹತ್ತರಲ್ಲಿ ಎಂಟರಷ್ಟು ತಾಳೆಯಾಗುತ್ತದೆ. ಸಭೆಯಲ್ಲಿ ವ್ಯಾಲಿಡಿಟಿ ಕೇಳಿದವರೇ ಆ ಗೆಳೆಯರು. ಎರಡನೆಯದು, ಚಿಕಿತ್ಸೆ ಹತ್ತುತ್ತಿದೆಯೇ ಎಂದು ಬೇಗ ತಿಳಿಯುತ್ತದೆ. ನನ್ನಲ್ಲಿ ಹೆಚ್ಚಿನವರಿಗೆ ಮೊದಲು ಇಳಿಯುವುದು ಯೋಚನೆಯ ಹೊತ್ತು. ದಿನವಿಡೀ ಇದ್ದದ್ದು ಸಂಜೆ ಮಾತ್ರ ಆಗುತ್ತದೆ. ಆಣೆ ಆಮೇಲೆ ಇಳಿಯುತ್ತದೆ, ಕೆಲವರಿಗೆ ಇಳಿಯುವುದೇ ಇಲ್ಲ. 'ಇನ್ನೂ ಅದನ್ನೇ ಹೇಳ್ತಾನೆ, ಮಾತ್ರೆ ಜಾಸ್ತಿ ಮಾಡಿ' ಎಂದು ಮನೆಯವರು ಒತ್ತಾಯಿಸಿದಾಗ, ಹೊತ್ತು ಇಳಿದಿರುವುದನ್ನು ತೋರಿಸಿ ಡೋಸ್ ಏರಿಸದೆ ಉಳಿಸಿಕೊಂಡಿದ್ದೇನೆ. ನಮ್ಮ ತಾಲ್ಲೂಕಿನಲ್ಲಿ ಡೆಲ್ಯೂಷನ್ನಿನ ಫಾಲೋಅಪ್ಪನ್ನು ಇಷ್ಟು ನಿಖರವಾಗಿ ಬರೆದಿಟ್ಟ ಕ್ಲಿನಿಕ್ಕು ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಅವಧಿಯ ಗೊಂದಲಕ್ಕೂ ಶೀಟು ಒದಗಿತು. ಡೆಲ್ಯೂಷನಲ್ ಡಿಸಾರ್ಡರ್ ಎನ್ನಲು ಡಿಎಸ್‌ಎಂ-5ಕ್ಕೆ ಒಂದು ತಿಂಗಳು ಸಾಕು, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಗಳಾದ ಐಸಿಡಿ-10ಕ್ಕೂ ಐಸಿಡಿ-11ಕ್ಕೂ ಮೂರು ತಿಂಗಳು ಬೇಕು. ಎರಡನೇ ತಿಂಗಳಲ್ಲಿ ಬಂದವರಿಗೆ ನಾನು ಹೆಸರು ಕೊಡುವ ಅವಸರ ಮಾಡುವುದಿಲ್ಲ. ತಾರೀಖು, ಆಣೆ ಬರೆದು ಚಿಕಿತ್ಸೆ ನಡೆಸುತ್ತೇನೆ.

ಪಕ್ಕದ ಪ್ರಯೋಗಗಳೂ ನಡೆದವು. ಓಸಿಡಿಯವರ ಮುಂದೆ ನಾಣ್ಯ ಇಟ್ಟರೆ ಅವು ನಿಂತಲ್ಲಿ ನಿಲ್ಲುವುದಿಲ್ಲ. 'ಇಲ್ಲಿ ಕೂತಾಗ ನಾಲ್ಕಾಣೆ ಸಾರ್, ನಲ್ಲಿ ಹತ್ತಿರ ಹೋದರೆ ಹನ್ನೆರಡಾಣೆ' ಎಂದ ಹುಡುಗನ ಉತ್ತರ ಪಾಠದ ಪುಸ್ತಕದಲ್ಲಿ ಹಾಕುವಂಥದ್ದು. ಮೈಯಲ್ಲಿ ಹುಳ ಹರಿಯುತ್ತದೆ ಎನ್ನುವವರ ಕತೆ ಇನ್ನೊಂದು. ಸ್ವೀಡನ್ನಿನ ಎಕ್‌ಬೊಮ್ 1938ರಲ್ಲಿ ವಿವರಿಸಿದ ಕಾಯಿಲೆ. ಚರ್ಮದ ಡಾಕ್ಟರು ಕಳಿಸಿದ ಅಜ್ಜಿಯೊಬ್ಬರು ಬೆಂಕಿಪೊಟ್ಟಣದ ತುಂಬ ಚರ್ಮದ ಹೊಟ್ಟು, ದಾರದ ಎಳೆ ತುಂಬಿಕೊಂಡು ಬಂದಿದ್ದರು. ನಾಣ್ಯ ಮುಟ್ಟಲೇ ಇಲ್ಲ. ಪೊಟ್ಟಣವನ್ನೇ ನನ್ನ ಕಡೆ ತಳ್ಳಿದರು. ಬಿ12, ಥೈರಾಯ್ಡ್ ಮೊದಲು ನೋಡಿ, ಆಮೇಲೆ ಸಣ್ಣ ಡೋಸ್ ಶುರು ಮಾಡಿದೆ. ಇಪ್ಪತ್ತೈದಕ್ಕಿಂತ ಚಿಕ್ಕವರ ಹತ್ತಿರ ಮಾತ್ರ ಆಣೆ ಓಡುವುದಿಲ್ಲ. ಅವರಿಗೆ ನೂರಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ ಎಂದು ಕೇಳುತ್ತಿದ್ದೇನೆ, ಇನ್ನೂ ಸಮಾಧಾನ ಇಲ್ಲ.

ಸದ್ಯ ಕೈಯಲ್ಲಿರುವುದು ಒಂದೇ ಮನೆಯ ಇಬ್ಬರು ಒಂದೇ ನಂಬಿಕೆ ಹಿಡಿದು ಬರುವ ಕೇಸು. ಫ್ರಾನ್ಸಿನ ವೈದ್ಯರಾದ ಲಾಸೆಗ್ ಮತ್ತು ಫಾಲ್ರೆ 1877ರಲ್ಲಿ ಬರೆದದ್ದು. ಐಸಿಡಿ-10ರಲ್ಲಿ ಅದಕ್ಕೆ ಎಫ್24 ಎಂಬ ಕೋಡ್‌ನಲ್ಲಿ ಬೇರೆ ಜಾಗ ಇತ್ತು, ಡಿಎಸ್‌ಎಂ-5 ಆ ಜಾಗ ತೆಗೆಯಿತು. ಅಕ್ಕತಂಗಿ ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಒಂದೇ ಹೊತ್ತಿಗೆ ಕೇಳುತ್ತಿದ್ದೇವೆ, ಒಬ್ಬರನ್ನು ನಾನು, ಇನ್ನೊಬ್ಬರನ್ನು ಆ ಹುಡುಗಿ. ಅಕ್ಕ ಪ್ರತಿ ಸಲ ನಾಲ್ಕು. ತಂಗಿ ಅಕ್ಕನ ಜೊತೆ ಇದ್ದ ವಾರ ಮೂರು, ತವರಿನಲ್ಲಿ ಇದ್ದು ಬಂದ ವಾರ ಒಂದು. ಯಾರಿಂದ ಯಾರಿಗೆ ದಾಟಿತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸುಳಿವು ಬೇಕಾ? ಇಂಥ ಜೋಡಿ ನಿಮ್ಮಲ್ಲಿ ಇದ್ದರೆ ಇಬ್ಬರ ಆಣೆಯನ್ನೂ ತಾರೀಖು ಹಾಕಿ ಬರೆದಿಡಿ. ಮುಂದಿನ ಪ್ರಿಂಟಿನಲ್ಲಿ ಜೋಡಿ ಶೀಟು ಸೇರಿಸಬೇಕೆಂದಿದ್ದೇನೆ, ನಾಲ್ಕೈದು ಮನೆಯ ಲೆಕ್ಕವಾದರೂ ಅದಕ್ಕೆ ಮುಂಚೆ ಕೈಗೆ ಬರಬೇಕು.